ಯಂತ್ರದ ಕಂಕುಳಲ್ಲಿ ಎಷ್ಟು ಕೌದಿ ಹಿಡಿಯುತ್ತದೆ?

ಹೊಲಿಗೆ ಯಂತ್ರವನ್ನು ಎದುರಿನಿಂದ ನೋಡಿ. ಕೆಳಗೆ ಬಟ್ಟೆ ಹರಿಯುವ ಹಾಸು, ಮೇಲೆ ಬಾಗಿದ ತೋಳು, ತೋಳಿನ ತುದಿಯಲ್ಲಿ ಸೂಜಿ. ಸೂಜಿಯಿಂದ ಯಂತ್ರದ ಒಡಲಿನವರೆಗೆ ಇರುವ ತೆರಪಿಗೆ ಇಂಗ್ಲಿಷಿನವರು ‘ಥ್ರೋಟ್’, ಅಂದರೆ ಗಂಟಲು ಎಂದು ಹೆಸರಿಟ್ಟಿದ್ದಾರೆ. ನನಗೆ ಅದು ಯಾವಾಗಲೂ ಕಂಕುಳಾಗಿಯೇ ಕಂಡಿದೆ. ನಾವು ಚಾಪೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಮಾಳಿಗೆ ಹತ್ತುವ ಹಾಗೆ, ಈ ಯಂತ್ರವೂ ಸುತ್ತಿದ ಕ್ವಿಲ್ಟನ್ನು, ಅಂದರೆ ಕೌದಿಯಂಥ ಪದರದ ಹೊದಿಕೆಯನ್ನು, ತೋಳಿನಡಿ ಇರುಕಿಕೊಂಡೇ ಕೆಲಸ ಮಾಡಬೇಕು. ಚಾಪೆ ದಪ್ಪವಾದರೆ ನಮ್ಮ ತೋಳು ಮೈಯಿಂದ ಸ್ವಲ್ಪ ದೂರ ಸರಿದು ಜಾಗ ಮಾಡಿಕೊಡುತ್ತದೆ. ಯಂತ್ರದ ತೋಳು ಲೋಹದ್ದು, ಅದು ಸರಿಯುವುದಿಲ್ಲ.

ಇಷ್ಟು ತಿಳಿಯಲು ನನಗೆ ಅಮೆರಿಕದ ಒಹಾಯೊದ ಒಂದು ಇಡೀ ಚಳಿಗಾಲ ಬೇಕಾಯಿತು. ಯಾರೋ ಮಾರಿದ, ಕ್ವಿಲ್ಟನ್ನು ಬಿಗಿದು ಹಿಡಿಯುವ ಹಳೆಯ ಫ್ರೇಮ್, ಅದರ ಮೇಲೆ ಒಂಬತ್ತು ಇಂಚು ಥ್ರೋಟ್ ಇರುವ ನೇರ ಹೊಲಿಗೆಯ ಯಂತ್ರ. ಒಂಬತ್ತು ಇಂಚೆಂದರೆ ನನ್ನ ಒಂದು ಗೇಣು, ಬೇಕಾದಷ್ಟಾಯಿತು ಎಂದುಕೊಂಡೆ. ಮೊದಲ ಎರಡು ಸಾಲು ಸುಖವಾಗಿ ನಡೆದವು. ಕ್ವಿಲ್ಟಿನ ಮೂರನೆಯ ಎರಡು ಭಾಗ ಮುಗಿಯುವ ಹೊತ್ತಿಗೆ ಸೂಜಿಯನ್ನು ಸ್ವಲ್ಪ ಆಚೆ ತಳ್ಳಿದರೆ ಯಂತ್ರದ ಮೂತಿ ಹೊಲಿದ ಭಾಗದ ಸುರುಳಿಗೆ ಟಕ್ಕೆಂದು ಬಡಿಯುತ್ತಿತ್ತು, ಈಚೆ ಎಳೆದರೆ ಬೆನ್ನು ಬಡಿಯುತ್ತಿತ್ತು. ಬರೆಯಬೇಕೆಂದಿದ್ದದ್ದು ದೊಡ್ಡ ಎಲೆಬಳ್ಳಿ. ಕೊನೆಯಲ್ಲಿ ಬಂದದ್ದು ಹಲ್ಲಿಯ ಬಾಲದಂಥ ಸಣ್ಣ ಸುಳಿ. ಹಾಸಿಗೆಯ ತಲೆಯ ಕಡೆ ಒಂದು ವಿನ್ಯಾಸ, ಕಾಲಿನ ಕಡೆ ಇನ್ನೊಂದು. ಆ ಕ್ವಿಲ್ಟ್ ಈಗಲೂ ನಮ್ಮ ಮನೆಯಲ್ಲಿದೆ, ಅತಿಥಿಗಳಿಗೆ ಕೊಡುವುದಿಲ್ಲ.

ಪದಗಳ ಗೊಂದಲವನ್ನು ಮೊದಲು ಬಿಡಿಸಿಬಿಡೋಣ. ತುಂಡುಬಟ್ಟೆಗಳನ್ನು ಕೂಡಿಸಿ ಮೇಲ್ಪದರ ಕಟ್ಟುವುದು ಒಂದು ಕೆಲಸ. ಅದಕ್ಕೆ ಯಾವ ಯಂತ್ರವಾದರೂ ಸಾಕು. ಆ ಮೇಲ್ಪದರ, ನಡುವಿನ ಹತ್ತಿಯ ಪದರ ಮತ್ತು ಅಡಿಬಟ್ಟೆ ಈ ಮೂರನ್ನೂ ಸೇರಿಸಿ ಉದ್ದಗಲಕ್ಕೂ ಹೊಲಿಯುವುದು ಇನ್ನೊಂದು ಕೆಲಸ. ಕ್ವಿಲ್ಟಿಂಗ್ ಎಂದರೆ ಈ ಎರಡನೆಯದು. ಥ್ರೋಟಿನ ತಲೆನೋವೆಲ್ಲ ಇಲ್ಲೇ. ಅಮೆರಿಕದಲ್ಲಿ ಇದನ್ನು ಕೈಯಲ್ಲೇ ಮಾಡಬೇಕು, ಯಂತ್ರದಲ್ಲಿ ಮಾಡಿದರೆ ಅದು ಕ್ವಿಲ್ಟೇ ಅಲ್ಲ ಎಂಬ ಮಡಿ ಬಹಳ ಕಾಲ ಇತ್ತು. ಕೆಂಟಕಿಯ ಪಡೂಕಾದಲ್ಲಿ ನಡೆಯುವ ದೊಡ್ಡ ಪ್ರದರ್ಶನದಲ್ಲಿ ಯಂತ್ರದಲ್ಲಿ ಹೊಲಿದ ಕ್ವಿಲ್ಟಿಗೆ ಮೊದಲ ಬಾರಿ ಅಗ್ರ ಬಹುಮಾನ ಸಿಕ್ಕಿದ್ದು 1989ರಲ್ಲಿ. ಆಗ ಆದ ಜಗಳ ಸಣ್ಣದಲ್ಲ.

ನಮ್ಮ ಉತ್ತರ ಕರ್ನಾಟಕದ ಕೌದಿಗೆ ಈ ಸಮಸ್ಯೆಯೇ ಇಲ್ಲ. ಹಳೆಯ ಸೀರೆ, ಧೋತರಗಳನ್ನು ನೆಲಕ್ಕೆ ಹಾಸಿ, ಅದರ ಮೇಲೆಯೇ ಕುಳಿತು, ಹೊಲಿಯುತ್ತ ಹೊಲಿಯುತ್ತ ಅಜ್ಜಿಯೇ ಸರಿಯುತ್ತಾಳೆ. ಬಟ್ಟೆ ಇದ್ದಲ್ಲೇ ಇರುತ್ತದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿಯಲ್ಲಂತೂ ಹೊಲಿಗೆ ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ನಡುವಿಗೆ ಬಂದು ಸೇರುತ್ತದೆ. ಕೈಸೂಜಿಗೆ ತೋಳಿಲ್ಲ, ಆದ್ದರಿಂದ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಸೂಜಿಗೆ ಒಂದು ತೋಳನ್ನು ಅಂಟಿಸಿದ ದಿನದಿಂದ, ಬಟ್ಟೆಯ ಒಂದು ಭಾಗ ಆ ತೋಳಿನ ಒಳಗೆ ಹೋಗಲೇಬೇಕಾಯಿತು.

ಯಂತ್ರದಲ್ಲಿ ಎರಡು ದಾರಿಗಳಿವೆ. ಮನೆಯ ಸಾಮಾನ್ಯ ಯಂತ್ರದಲ್ಲಿ ಸೂಜಿ ನಿಂತಲ್ಲೇ ನಿಂತಿರುತ್ತದೆ, ಬಟ್ಟೆಯನ್ನು ನಾವು ತಳ್ಳುತ್ತೇವೆ. ಫ್ರೇಮಿನಲ್ಲಿ ಇದು ತಿರುವುಮುರುವು: ಬಟ್ಟೆ ರೋಲರ್‌ಗಳ ನಡುವೆ ಬಿಗಿದು ನಿಂತಿರುತ್ತದೆ, ಯಂತ್ರವೇ ಗಾಲಿಗಳ ಮೇಲೆ ಹಳಿಯಲ್ಲಿ ಓಡಾಡುತ್ತದೆ. ಅಂದರೆ ಫ್ರೇಮ್ ಎಂಬುದು ಕೌದಿ ಹೊಲಿಯುವ ಅಜ್ಜಿಯ ಕ್ರಮವೇ. ಸರಿಯುವ ಅಜ್ಜಿಯ ಜಾಗದಲ್ಲಿ ಸರಿಯುವ ಯಂತ್ರ ಬಂದಿದೆ, ಅಷ್ಟೇ.

ಫ್ರೇಮಿನ ಕಟ್ಟಡ ಹೀಗಿರುತ್ತದೆ. ನಿಮ್ಮ ಹೊಟ್ಟೆಯ ಹತ್ತಿರದ ರೋಲರಿನಲ್ಲಿ ಅಡಿಬಟ್ಟೆ ಸುತ್ತಿರುತ್ತದೆ. ಮೇಲ್ಪದರಕ್ಕೆ ಇನ್ನೊಂದು ರೋಲರ್ ಇರಬಹುದು, ಇಲ್ಲವೇ ಅದನ್ನು ಹಾಗೆಯೇ ಇಳಿಬಿಡಬಹುದು. ಹೊಲಿದು ಮುಗಿದ ಭಾಗವನ್ನು ಸುತ್ತಿಕೊಳ್ಳುವ ರೋಲರ್ ಹಿಂದುಗಡೆ ಇದೆ. ಯಂತ್ರದ ಮೂತಿ ನಿಮ್ಮ ಕಡೆಗೆ, ಬೆನ್ನು ಆ ಕಡೆಗೆ. ಹಾಗಾಗಿ ಆ ಹಿಂದಿನ ರೋಲರ್ ಹಾದುಹೋಗುವುದು ನೇರವಾಗಿ ಯಂತ್ರದ ಕಂಕುಳ ಮೂಲಕ. ಯಂತ್ರವನ್ನು ಆಚೆ ತಳ್ಳಿದರೆ ಸೂಜಿಯ ಕಡೆ ಸುರುಳಿಗೆ ಬಡಿಯುತ್ತದೆ, ಈಚೆ ಎಳೆದರೆ ಒಡಲು ಬಡಿಯುತ್ತದೆ. ಈ ಎರಡು ‘ಟಕ್’ಗಳ ನಡುವೆ ಎಷ್ಟು ಇಂಚು ಸಿಗುತ್ತದೋ ಅಷ್ಟೇ ನೀವು ನಿಜವಾಗಿ ಕೊಂಡ ಯಂತ್ರ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಖಾಲಿ ಕಂಕುಳಿನದು.

ಈಗ ಸ್ವಲ್ಪ ಲೆಕ್ಕ ಹಾಕೋಣ, ಶಾಲೆಯ ವೃತ್ತದ ಪಾಠವೇ ಸಾಕು. 90 ಇಂಚು ಅಗಲ, 100 ಇಂಚು ಉದ್ದದ ಕ್ವಿಲ್ಟ್ ಎಂದುಕೊಳ್ಳಿ. ಕ್ವೀನ್ ಹಾಸಿಗೆಗೆ ಒಪ್ಪುವ ಅಳತೆ. ತೆಳ್ಳಗಿನ ಹತ್ತಿಯ ಪದರ ಹಾಕಿ ಹೊಲಿದ ಮೇಲೆ ಮೂರೂ ಪದರ ಸೇರಿ ಸುಮಾರು ಇಂಚಿನ ಎಂಟನೇ ಒಂದು ಭಾಗ ದಪ್ಪ. ಸುರುಳಿಯನ್ನು ತುದಿಯಿಂದ ನೋಡಿದಾಗ ಕಾಣುವ ವೃತ್ತದ ವಿಸ್ತೀರ್ಣ ಎಂದರೆ ಉದ್ದವನ್ನು ದಪ್ಪದಿಂದ ಗುಣಿಸಿದ್ದು: ಹನ್ನೆರಡೂವರೆ ಚದರ ಇಂಚು. ಒಳಗಿನ ಎರಡು ಇಂಚು ವ್ಯಾಸದ ಕೊಳವೆಯದು ಇನ್ನೊಂದು ಮೂರು ಚಿಲ್ಲರೆ. ಒಟ್ಟು ಹದಿನೈದೂವರೆಗೆ ಸ್ವಲ್ಪ ಮೇಲೆ. ಅಷ್ಟು ವಿಸ್ತೀರ್ಣದ ವೃತ್ತದ ವ್ಯಾಸ ಹೆಚ್ಚುಕಡಿಮೆ ನಾಲ್ಕೂವರೆ ಇಂಚು. ಇದರ ಮೇಲೆ ಬಟ್ಟೆ ಒತ್ತುವ ಪಾದ ಮತ್ತು ಸೂಜಿಕಡ್ಡಿಯ ಗೂಡು ಸುರುಳಿಗೆ ತಾಗದಿರಲೆಂದು ಒಂದೂವರೆ ಇಂಚು ಬಿಡಿ. ಒಂಬತ್ತರಲ್ಲಿ ಆರು ಕಳೆದರೆ ಮೂರು. ನನ್ನ ಹಲ್ಲಿಬಾಲದ ರಹಸ್ಯ ಈ ಮೂರು ಇಂಚಿನಲ್ಲಿತ್ತು.

ಅದೇ ಕ್ವಿಲ್ಟನ್ನು ಹದಿನೆಂಟು ಇಂಚಿನ ಯಂತ್ರಕ್ಕೆ ಏರಿಸಿದರೆ ಕೊನೆಯ ಸಾಲಿನಲ್ಲಿಯೂ ಹನ್ನೆರಡು ಇಂಚು ಉಳಿಯುತ್ತದೆ. ಗಮನಿಸಿ, ಥ್ರೋಟ್ ಎರಡು ಪಟ್ಟಾಯಿತು, ಹೊಲಿಯುವ ಜಾಗ ನಾಲ್ಕು ಪಟ್ಟಾಯಿತು. ಸುರುಳಿ ತಿನ್ನುವುದು ಎರಡರಲ್ಲೂ ಒಂದೇ ಆದ್ದರಿಂದ ಹೀಗೆ. ಸಣ್ಣ ಯಂತ್ರದಲ್ಲಿ ಒಂದೊಂದು ಇಂಚಿಗೂ ಇರುವ ಬೆಲೆ ದೊಡ್ಡ ಯಂತ್ರದಲ್ಲಿ ಇಲ್ಲ. ಒಂಬತ್ತರಿಂದ ಹನ್ನೆರಡಕ್ಕೆ ಹೋದರೆ ಉಳಿಯುವ ಜಾಗ ಇಮ್ಮಡಿ. ಇಪ್ಪತ್ತೊಂದರಿಂದ ಇಪ್ಪತ್ತನಾಲ್ಕಕ್ಕೆ ಹೋದರೆ ಐದರಲ್ಲಿ ಒಂದು ಪಾಲು ಹೆಚ್ಚು, ಅಷ್ಟೇ.

ಸುರುಳಿ ಬೆಳೆಯುವ ರೀತಿಯೂ ಸ್ವಲ್ಪ ವಿಚಿತ್ರ. ಬರಿಯ ಕೊಳವೆ ಎರಡು ಇಂಚು. ಅರ್ಧ ಕ್ವಿಲ್ಟ್ ಸುತ್ತುವಾಗ ಅದು ಮೂರೂವರೆ ಆಗುತ್ತದೆ, ಉಳಿದರ್ಧಕ್ಕೆ ಒಂದೇ ಇಂಚು ಏರುತ್ತದೆ. ಅಂದರೆ ಮೊದಲರ್ಧವೇ ಹೆಚ್ಚು ನುಂಗುತ್ತದೆ. ಒಂಬತ್ತು ಇಂಚಿನಲ್ಲಿ ಐದೂವರೆಯಿಂದ ಹೊರಟವರು ನಡುವಿಗೆ ಬರುವಷ್ಟರಲ್ಲಿ ನಾಲ್ಕಕ್ಕೆ ಇಳಿದಿರುತ್ತಾರೆ. ಇಡೀ ಕ್ವಿಲ್ಟಿಗೆ ಸರಾಸರಿ ನಾಲ್ಕು ಇಂಚಿನಂತೆ ಇಪ್ಪತ್ತೈದು ಸಲ ಸುತ್ತಬೇಕು. ಹದಿನೆಂಟರಲ್ಲಿ ಎಂಟು ಸಲ, ಇಪ್ಪತ್ತನಾಲ್ಕರಲ್ಲಿ ಐದಾರು ಸಲ. ಪ್ರತಿ ಸಲವೂ ಅಡಿಬಟ್ಟೆಯನ್ನು ಕಚ್ಚಿ ಹಿಡಿದ ಪಕ್ಕದ ಹಿಡಿಕೆಗಳನ್ನು ಬಿಚ್ಚಿ, ಸುತ್ತಿ, ಬಟ್ಟೆಯನ್ನು ಸರಿಮಾಡಿ, ಅಂಚಿಗೆ ಹೊಲಿಗೆ ಹಾಕಿ, ಹಿಂದಿನ ಸಾಲಿನ ವಿನ್ಯಾಸಕ್ಕೆ ಮುಂದಿನದನ್ನು ಜೋಡಿಸಬೇಕು. ವಿನ್ಯಾಸ ತಪ್ಪುವುದು ಹೊಲಿಯುವಾಗಲ್ಲ, ಈ ಜೋಡಣೆಯಲ್ಲಿ.

ಇನ್ನು ಉಬ್ಬಿದ ಪಾಲಿಯೆಸ್ಟರ್ ಪದರ ಇಷ್ಟಪಡುವವರು ದಪ್ಪವನ್ನು ಕಾಲು ಇಂಚು ಎಂದು ಹಿಡಿದು ಲೆಕ್ಕ ಹಾಕಬೇಕು. ಸುರುಳಿ ಆರು ಇಂಚಾಗುತ್ತದೆ. ಒಂಬತ್ತು ಇಂಚಿನ ಯಂತ್ರದಲ್ಲಿ ಒಂದೂವರೆ ಇಂಚು ಉಳಿಯುತ್ತದೆ. ಅಷ್ಟರಲ್ಲಿ ಹೊಲಿಯುವುದಕ್ಕಿಂತ ಕೈಸೂಜಿ ಹಿಡಿಯುವುದು ವಾಸಿ. ಆದರೆ ಅಷ್ಟೂ ಸಿಗದಿರಬಹುದು, ಏಕೆಂದರೆ ಯಾರೂ ಕೇಳದ ಇನ್ನೊಂದು ಅಳತೆ ಇದೆ: ಥ್ರೋಟಿನ ಎತ್ತರ. ಹಾಸಿನಿಂದ ತೋಳಿನವರೆಗೆ ಮನೆಯ ಯಂತ್ರಗಳಲ್ಲಿ ಐದಾರು ಇಂಚು ಇದ್ದರೆ ಹೆಚ್ಚು. ಆರು ಇಂಚಿನ ಸುರುಳಿ ಅದರೊಳಗೆ ತೂರುವುದೇ ಇಲ್ಲ. ಉದ್ದದ ಸಂಖ್ಯೆಯನ್ನು ಎಲ್ಲರೂ ದೊಡ್ಡದಾಗಿ ಅಚ್ಚು ಹಾಕುತ್ತಾರೆ. ಎತ್ತರವನ್ನು ನೀವೇ ಟೇಪು ಹಿಡಿದು ಅಳೆಯಬೇಕು.

ಎತ್ತರಕ್ಕೂ ಫ್ರೇಮಿಗೂ ಒಂದು ನಂಟಿದೆ. ಸುರುಳಿ ದಪ್ಪವಾದಂತೆ ಅದರ ಹೊಟ್ಟೆ ಯಂತ್ರದ ಹಾಸಿನ ಮೇಲೆ ಒತ್ತತೊಡಗುತ್ತದೆ. ಯಂತ್ರ ಬಿಗಿಯಾಗಿ ಓಡುತ್ತದೆ, ಹೊಲಿಗೆ ಬಿಟ್ಟುಹೋಗುತ್ತದೆ, ನೀವು ದಾರವನ್ನೂ ಬಾಬಿನ್ನನ್ನೂ ಬಯ್ಯುತ್ತ ಕೂರುತ್ತೀರಿ. ಸಾದಾ ಫ್ರೇಮುಗಳಲ್ಲಿ ಇದಕ್ಕೆ ಪರಿಹಾರ, ಒಂದೆರಡು ಸುತ್ತಿಗೊಮ್ಮೆ ಆ ರೋಲರನ್ನು ಸ್ವಲ್ಪ ಮೇಲೆತ್ತುವುದು. ಒಂದು ಬೆರಳು ಹಾಸಿನ ಮತ್ತು ಕ್ವಿಲ್ಟಿನ ನಡುವೆ ಸಲೀಸಾಗಿ ತೂರಬೇಕು, ಅದೇ ನನ್ನ ಅಳತೆ. ಕೆಲವು ಫ್ರೇಮುಗಳಲ್ಲಿ ಸುರುಳಿಯ ಮುಂದೆ ಒಂದು ತೆಳುವಾದ ಸ್ಥಿರ ಕಂಬಿ ಇರುತ್ತದೆ. ಬಟ್ಟೆ ಆ ಕಂಬಿಯ ಅಡಿಯಿಂದ ಹಾದು ಆಮೇಲೆ ಮೇಲಿನ ಸುರುಳಿಗೆ ಏರುತ್ತದೆ. ಸುರುಳಿ ಎಷ್ಟು ದಪ್ಪವಾದರೂ ಹೊಲಿಯುವ ಮಟ್ಟ ಬದಲಾಗುವುದಿಲ್ಲ. ಇದು ದುಬಾರಿ ಸುಖ ಎಂದು ಮೊದಲು ಅನ್ನಿಸಿತ್ತು. ಒಂದು ಸಲ ಅಂಥದ್ದರ ಮೇಲೆ ಹೊಲಿದ ಮೇಲೆ ಅಭಿಪ್ರಾಯ ಬದಲಾಯಿತು.

ಹಾಗಾದರೆ ಎಷ್ಟು ಇಂಚು ಸಾಕು? ಮಾರುಕಟ್ಟೆಯ ಮೆಟ್ಟಿಲುಗಳನ್ನು ನೋಡಿ. ಸಾಮಾನ್ಯ ಹೊಲಿಗೆ ಯಂತ್ರ ಆರೇಳು ಇಂಚು. ಜುಕಿಯ ಟಿಎಲ್ ಮಾಲಿಕೆಯಂಥ ನೇರ ಹೊಲಿಗೆಯವು ಎಂಟೂವರೆ, ಒಂಬತ್ತರ ಆಸುಪಾಸು. ಬೇಬಿ ಲಾಕ್ ಜಾಝ್ ಹನ್ನೆರಡು. ಅಲ್ಲಿಂದ ಮೇಲೆ ‘ಲಾಂಗ್‌ಆರ್ಮ್’ ಎಂಬ ಉದ್ದತೋಳಿನ ಜಾತಿ. ಅವುಗಳಲ್ಲಿ ಎಷ್ಟೋ ಯಂತ್ರಗಳ ಹೆಸರಿನಲ್ಲೇ ಅಳತೆ ಇರುತ್ತದೆ: ಹ್ಯಾಂಡಿ ಕ್ವಿಲ್ಟರ್ ಕಂಪನಿಯ ಸಿಂಪ್ಲಿ ಸಿಕ್ಸ್‌ಟೀನ್ ಹದಿನಾರು ಇಂಚು, ಬರ್ನಿನಾ ಕ್ಯೂ 20 ಮತ್ತು ಕ್ಯೂ 24 ಹೆಸರೇ ಹೇಳುವ ಹಾಗೆ, ಗ್ರೇಸ್ ಕಂಪನಿಯ ಕ್ಯೂನಿಕ್ 21 ಇಪ್ಪತ್ತೊಂದು. ಇಪ್ಪತ್ತಾರು, ಮೂವತ್ತು ಇಂಚಿನವೂ ಇವೆ.

ನನ್ನ ಉತ್ತರ ಯಂತ್ರದಿಂದ ಅಲ್ಲ, ನೀವು ಹೊಲಿಯುವ ವಿನ್ಯಾಸದಿಂದ ಹೊರಡುತ್ತದೆ. ಅಮೆರಿಕದ ಕ್ವಿಲ್ಟುಗಳಲ್ಲಿ ಹನ್ನೆರಡು ಇಂಚಿನ ಚೌಕ ತೀರಾ ಸಾಮಾನ್ಯ. ಒಂದು ಚೌಕದೊಳಗಿನ ಹೂವನ್ನು ನಡುವೆ ಸುತ್ತದೆ ಒಂದೇ ಬಾರಿಗೆ ಮುಗಿಸಬೇಕೆಂದರೆ ಕೊನೆಯ ಸಾಲಿನಲ್ಲೂ ಹನ್ನೆರಡು ಇಂಚು ಉಳಿಯಬೇಕು. ಮೇಲಿನ ಲೆಕ್ಕದ ಪ್ರಕಾರ ಅದಕ್ಕೆ ಹದಿನೆಂಟು. ಕಾಗದದ ಮೇಲೆ ಅಚ್ಚಾದ ಉದ್ದನೆಯ ವಿನ್ಯಾಸವನ್ನು ಯಂತ್ರದ ಹಿಂದೆ ನಿಂತು ಲೇಸರ್ ಚುಕ್ಕೆಯಿಂದ ಅನುಸರಿಸುವವರಿಗೆ, ಅಂದರೆ ಪ್ಯಾಂಟೋಗ್ರಾಫ್ ಮಾಡುವವರಿಗೆ, ಹದಿನೆಂಟರಿಂದ ಇಪ್ಪತ್ತೊಂದು. ಬರೀ ಸಣ್ಣ ಸುಳಿಗಳು, ಕಲ್ಲುಹಾಸಿನಂಥ ವಿನ್ಯಾಸ, ಮಕ್ಕಳ ಹೊದಿಕೆ ಇಷ್ಟೇ ಆದರೆ ಹದಿನೈದು, ಹದಿನಾರು ಸಾಕು. ತೊಟ್ಟಿಲ ಹೊದಿಕೆ ನಲವತ್ತೈವತ್ತು ಇಂಚು ಉದ್ದ. ಅದರ ಸುರುಳಿ ಮೂರೂವರೆ ಇಂಚು ದಾಟುವುದಿಲ್ಲ. ಇಪ್ಪತ್ತನಾಲ್ಕರ ಮೇಲಿನದು ಗಿರಾಕಿಗಳಿಗೆ ಹೊಲಿದುಕೊಡುವವರಿಗೆ ಇರಲಿ.

ಹೆಚ್ಚಿದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ನಿಮ್ಮ ಬೆನ್ನಿಗೆ. ನೀವು ನಿಲ್ಲುವುದು ಫ್ರೇಮಿನ ಮುಂದೆ. ಹೊಟ್ಟೆಯ ಹತ್ತಿರದ ರೋಲರಿನಿಂದ ಇಪ್ಪತ್ತು ಇಂಚು ಆಚೆ ಅಳತೆಪಟ್ಟಿ ಹಿಡಿದು ಹೊಲಿಯಬೇಕಾದರೆ ಬಗ್ಗಲೇಬೇಕು. ಐದಡಿ ಎತ್ತರದ ನನಗೆ ಹದಿನಾರು ಇಂಚಿನಾಚೆ ಕೈ ಸ್ಥಿರವಾಗಿ ನಿಲ್ಲುವುದಿಲ್ಲ. ಉದ್ದ ತೋಳಿನ ಯಂತ್ರಕ್ಕೆ ತೂಕವೂ ಜಾಸ್ತಿ. ಗಾಲಿ, ಹಳಿ ಚೆನ್ನಾಗಿದ್ದರೆ ಇಪ್ಪತ್ತು ಕಿಲೋ ಮೀರುವ ಯಂತ್ರವೂ ಎರಡು ಬೆರಳಿಗೆ ಓಡುತ್ತದೆ, ನಿಜ. ಆದರೆ ನೇರವಾಗಿ ಓಡಿದಷ್ಟು ಸುಲಭವಾಗಿ ಅದು ಸಣ್ಣ ವೃತ್ತದಲ್ಲಿ ತಿರುಗುವುದಿಲ್ಲ, ತನ್ನ ಹುಮ್ಮಸ್ಸಿನಲ್ಲಿ ಸ್ವಲ್ಪ ಮುಂದೆ ಹೋಗಿಬಿಡುತ್ತದೆ.

ಹೊಲಿಗೆಯ ಉದ್ದವನ್ನು ಸಮ ಇಡುವ ರೆಗ್ಯುಲೇಟರ್ ಬಗ್ಗೆ ಒಂದೇ ಮಾತು: ಇರಲಿ. ಗಾಲಿಯ ವೇಗವನ್ನು ಅಳೆದು ಅದಕ್ಕೆ ತಕ್ಕಂತೆ ಸೂಜಿಯನ್ನು ಓಡಿಸುವ ಸಾಧನ ಅದು. ಅದಿಲ್ಲದೆ ಇಂಚಿಗೆ ಹತ್ತು ಹೊಲಿಗೆಯನ್ನು ಕೈ ಅಂದಾಜಿನಲ್ಲಿ ಕಾಯ್ದುಕೊಳ್ಳಲು ವರ್ಷಗಳ ಅಭ್ಯಾಸ ಬೇಕು.

ಫ್ರೇಮಿನ ಉದ್ದದಲ್ಲಿಯೂ ಅದೇ ಮೋಸ, ಪೂರ್ತಿ ಉದ್ದ ಕೈಗೆ ಸಿಗುವುದಿಲ್ಲ. ಯಂತ್ರದ ಅಗಲ, ತುದಿಯ ಕಾಲುಗಳು ಇವೆಲ್ಲ ಸೇರಿ ಒಂದಡಿಗೂ ಹೆಚ್ಚು ತಿನ್ನುತ್ತವೆ. ಅಡಿಬಟ್ಟೆ ಕ್ವಿಲ್ಟಿಗಿಂತ ಪ್ರತಿ ಬದಿಗೆ ನಾಲ್ಕು ಇಂಚು ದೊಡ್ಡದಿರಬೇಕು, ಪಕ್ಕದ ಹಿಡಿಕೆಗಳು ಕಚ್ಚುವುದು ಅದನ್ನೇ. 90 ಇಂಚಿನ ಕ್ವಿಲ್ಟಿಗೆ 98 ಇಂಚಿನ ಅಡಿಬಟ್ಟೆ, ಅದಕ್ಕೆ ಹತ್ತಡಿ ಫ್ರೇಮ್. ಕಿಂಗ್ ಹಾಸಿಗೆಯ 110 ಇಂಚಿಗೆ ಹನ್ನೆರಡಡಿ. ಹನ್ನೆರಡಡಿ ಫ್ರೇಮಿಗೆ ಹದಿನಾಲ್ಕು, ಹದಿನೈದಡಿ ಕೋಣೆ, ಮುಂದೆ ನಿಲ್ಲಲು ಮೂರಡಿ, ಪ್ಯಾಂಟೋಗ್ರಾಫ್ ಮಾಡುವುದಾದರೆ ಹಿಂದೆಯೂ ಅಷ್ಟೇ. ಇಲ್ಲಿಯವರು ನೆಲಮಾಳಿಗೆಯಲ್ಲಿ ಹಾಕಿಕೊಳ್ಳುತ್ತಾರೆ. ಊರಿಗೆ ಮರಳುವಾಗ ಕೊಂಡೊಯ್ಯುವ ಆಸೆ ಇರುವ ನನ್ನಂಥವರು ಎರಡು ವಿಷಯ ನೆನಪಿಡಬೇಕು: ಇಲ್ಲಿಯ ವಿದ್ಯುತ್ತು 120 ವೋಲ್ಟ್, ಅಲ್ಲಿಯದು 230, ಹುಬ್ಬಳ್ಳಿಯ ಮನೆಯ ಮಲಗುವ ಕೋಣೆ ಹತ್ತಡಿ ಇದ್ದರೆ ಹತ್ತಡಿ ಫ್ರೇಮಿನ ಜೊತೆ ಮಂಚ ಇರುವುದಿಲ್ಲ.

ನೆಲ ಮಟ್ಟವಾಗಿರಬೇಕು ಎನ್ನುವುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಯಂತ್ರವನ್ನು ಫ್ರೇಮಿನ ನಡುವೆ ಬಿಟ್ಟು ಕೈ ತೆಗೆಯಿರಿ. ಅದು ತಾನಾಗಿ ಒಂದು ಕಡೆ ಜಾರಿದರೆ ನಿಮ್ಮ ಗೆರೆಗಳೆಲ್ಲ ಆ ಕಡೆಗೆ ಜಾರುತ್ತವೆ. ಕಾಲಿನ ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ.

ಜಾಗವಿಲ್ಲದವರಿಗೆ ಕುಳಿತು ಹೊಲಿಯುವ ಉದ್ದತೋಳಿನ ಯಂತ್ರಗಳಿವೆ; ಮೇಜಿನೊಳಗೆ ಇಳಿಸಿದ, ಹದಿನಾರರಿಂದ ಇಪ್ಪತ್ತು ಇಂಚು ಥ್ರೋಟಿನವು. ಅಲ್ಲಿ ರೋಲರ್ ಇಲ್ಲ, ಆದ್ದರಿಂದ ಅಚ್ಚುಕಟ್ಟಾಗಿ ಸುತ್ತುವ ಹಂಗೂ ಇಲ್ಲ. ಕ್ವಿಲ್ಟನ್ನು ಗುಡ್ಡೆಯಾಗಿ ಮುದುಡಿ ಒಳಗೆ ತುರುಕಿದರಾಯಿತು. ನಡುವನ್ನು ಹೊಲಿಯುವಾಗ ಅರ್ಧ ಕ್ವಿಲ್ಟ್ ಕಂಕುಳಲ್ಲಿರುತ್ತದೆ. ಆದರೆ ಮೂರು ಪದರವನ್ನೂ ಮೊದಲೇ ಪಿನ್ನು ಚುಚ್ಚಿಯೋ ದೊಡ್ಡ ಹೊಲಿಗೆ ಹಾಕಿಯೋ ಕೂಡಿಸಿಕೊಳ್ಳಬೇಕು. ಫ್ರೇಮಿನಲ್ಲಿ ಆ ಕೆಲಸ ತಪ್ಪುತ್ತದೆ. ಕ್ವಿಲ್ಟಿನ ಭಾರವೆಲ್ಲ ನಿಮ್ಮ ಹೆಗಲಿಗೆ. ಮೇಜು ನಾಲ್ಕೂ ಕಡೆ ಅಗಲವಿಲ್ಲದಿದ್ದರೆ ಜೋತುಬಿದ್ದ ಅಂಚು ಎಳೆದು ಹೊಲಿಗೆಯನ್ನು ಕೆಡಿಸುತ್ತದೆ. ಇನ್ನೂ ಅಗ್ಗದ ದಾರಿ ಬೇಕಾದರೆ, ಇರುವ ಯಂತ್ರದಲ್ಲೇ ಚೌಕ ಚೌಕವಾಗಿ ಮೂರು ಪದರ ಹೊಲಿದು ಕೊನೆಗೆ ಕೂಡಿಸುವ ಪದ್ಧತಿ ಇದೆ. ಹನ್ನೆರಡು ಇಂಚಿನ ಚೌಕಕ್ಕೆ ಆರು ಇಂಚಿನ ಕಂಕುಳು ಧಾರಾಳ.

ದುಡ್ಡಿನ ಮಾತು. ಫ್ರೇಮ್ ಸಹಿತ ಉದ್ದತೋಳಿನ ಹೊಸ ಯಂತ್ರಕ್ಕೆ ಸಾವಿರಾರು ಡಾಲರ್. ಕಂಪ್ಯೂಟರ್ ತಾನೇ ಓಡಿಸುವಂಥದ್ದಾದರೆ ಒಂದು ಒಳ್ಳೆಯ ಕಾರಿನ ಬೆಲೆ. ಬೇರೆಯವರ ಕೈಗೆ ಕೊಟ್ಟು ಹೊಲಿಸಿದರೆ ಚದರ ಇಂಚಿನ ಲೆಕ್ಕ. ಎರಡು ಸೆಂಟ್ ಎಂದು ಹಿಡಿದರೆ ನಮ್ಮ 90-100ರ ಕ್ವಿಲ್ಟಿಗೆ ನೂರಾ ಎಂಬತ್ತು ಡಾಲರ್. ವರ್ಷಕ್ಕೆ ಮೂರು ಕ್ವಿಲ್ಟ್ ಮಾಡುವವರಿಗೆ ಐದೂವರೆ ನೂರೂ ಆಗಲಿಲ್ಲ. ಯಂತ್ರದ ಬೆಲೆಯನ್ನು ಇದರಿಂದ ಭಾಗಿಸಿ ನೋಡಿದ ಮೇಲೂ ಬೇಕೆನಿಸಿದರೆ ಕೊಳ್ಳಿ. ನನಗೆ ಬೇಕೆನಿಸಿತು, ಲೆಕ್ಕ ನನ್ನ ಪರವಾಗಿ ಇರಲಿಲ್ಲ. ಕೆಲವು ಅಂಗಡಿಗಳು ಗಂಟೆಯ ಬಾಡಿಗೆಗೆ ಯಂತ್ರ ಕೊಡುತ್ತವೆ. ನಾನು ಎರಡನೆಯ ಯಂತ್ರ ಕೊಳ್ಳುವ ಮೊದಲು ಹಾಗೆ ನಾಲ್ಕು ಕ್ವಿಲ್ಟ್ ಮಾಡಿದೆ, ನನ್ನ ಕೈಗೆ ಎಷ್ಟು ದೂರ ಎಟುಕುತ್ತದೆ ಎಂದು ತಿಳಿದದ್ದು ಅಲ್ಲೇ.

ಅಂಗಡಿಯಲ್ಲಿ ತೋರಿಸಲು ಇಟ್ಟ ಯಂತ್ರಗಳ ಮೇಲೆ ಒಂದೂವರೆ ಗಜದ ತುಂಡೊಂದನ್ನು ಏರಿಸಿರುತ್ತಾರೆ. ಹಿಂದಿನ ರೋಲರ್ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಅದರ ಮೇಲೆ ಹೊಲಿದರೆ ಯಾವ ಯಂತ್ರವೂ ವಿಶಾಲವೇ. ಎರಡನೆಯ ಸಲ ಹೋದಾಗ ನಾನು ಮನೆಯ ದೊಡ್ಡ ಕ್ವಿಲ್ಟನ್ನೇ ಹೊತ್ತುಕೊಂಡು ಹೋಗಿದ್ದೆ, ಅದೇ ಹಲ್ಲಿಬಾಲದ್ದು. ಅದನ್ನು ಆ ರೋಲರಿಗೆ ಪೂರ್ತಿ ಸುತ್ತಿಸಿ, ಸೂಜಿಯನ್ನು ಎರಡು ‘ಟಕ್’ಗಳ ನಡುವೆ ಓಡಿಸಿ, ಟೇಪಿನಿಂದ ಅಳೆದೆ. ಹದಿನೆಂಟೆಂದು ಬರೆದ ಯಂತ್ರದಲ್ಲಿ ಹನ್ನೊಂದೂ ಮುಕ್ಕಾಲು ಬಂತು. ಅಂಗಡಿಯಾಕೆ ಒಂದು ಕ್ಷಣ ನನ್ನ ಮುಖ ನೋಡಿದಳು, ಆಮೇಲೆ ಪಕ್ಕದ ಇಪ್ಪತ್ತೊಂದರ ಯಂತ್ರಕ್ಕೂ ಕ್ವಿಲ್ಟನ್ನು ಸುತ್ತಲು ತಾನೇ ಒಂದು ತುದಿ ಹಿಡಿದಳು.